ನಮ್ಮ ನೋವನ್ನು ಯಾರ ಮುಂದೆ ಹೇಳೋಣ?

'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎಂಬ ಗಾದೆ ನಮಗೆಲ್ಲ ಗೊತ್ತು. ಕೇಳಲು ಸೊಗಸಾಗಿದೆ. ಆದರೆ ಇದನ್ನು ಕಟ್ಟಿದವರು ಗಂಡಸರೇ ಇರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ರೋಗಿ ತನಗೆ ಬೇಕಾದ್ದನ್ನು ಬಯಸಬೇಕು, ಅದನ್ನು ಬಾಯಿಬಿಟ್ಟು ವೈದ್ಯನ ಮುಂದೆ ಹೇಳಬೇಕು, ವೈದ್ಯ ಅದನ್ನು ಕೇಳಿಸಿಕೊಳ್ಳಬೇಕು. ಆಮೇಲೆ ತಾನೇ ಹಾಲು ಅನ್ನದ ಮಾತು? ನಮ್ಮ ಅಜ್ಜಿಯಂದಿರಿಗೆ ಈ ಮೂರರಲ್ಲಿ ಒಂದೂ ದಕ್ಕಿರಲಿಲ್ಲ. ಅವರ ಕಾಯಿಲೆಯನ್ನು ಬೇರೆಯವರು ಹೇಳುತ್ತಿದ್ದರು, ಔಷಧವನ್ನು ಬೇರೆಯವರು ತರುತ್ತಿದ್ದರು. ಕುಡಿಯುವುದಷ್ಟೇ ಅವರ ಪಾಲಿನದು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಇತಿಹಾಸದ ಪುಸ್ತಕದಲ್ಲಿ ವೈಸರಾಯ್ ಡಫರಿನ್ ಎಂದರೆ 1885ರ ಕಾಂಗ್ರೆಸ್ ಸ್ಥಾಪನೆಯ ಜೊತೆಗೆ ಬರುವ ಒಂದು ಹೆಸರು. ಅದೇ ವರ್ಷ ಅವನ ಹೆಂಡತಿ ಹುಟ್ಟುಹಾಕಿದ ಒಂದು ಸಂಸ್ಥೆಯಿಂದ ನಮ್ಮ ದೇಶದ ಊರೂರಿನಲ್ಲಿ ಹೆಂಗಸರಿಗೆಂದೇ ದವಾಖಾನೆಗಳು ಎದ್ದವೆಂಬ ಸಂಗತಿಗೆ ಅಲ್ಲಿ ಜಾಗವಿಲ್ಲ. ಯುದ್ಧಗಳ ಇಸವಿಗಳನ್ನು ಹುಡುಗಿಯರು ಬಾಯಿಪಾಠ ಮಾಡುತ್ತಾರೆ. ತಮ್ಮ ತಾಯಿ ಧೈರ್ಯವಾಗಿ ಲೇಡಿ ಡಾಕ್ಟರ ಹತ್ತಿರ ಹೋಗುವಂತಾಗಲು ಯಾರು ಯಾರು ಎಷ್ಟೆಷ್ಟು ಬವಣೆಪಟ್ಟರು ಎಂಬುದು ಅವರಿಗೆ ತಿಳಿಯುವುದಿಲ್ಲ. ಅದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಮೊದಲು ಡಾಕ್ಟರ ಕೊರಳಲ್ಲಿ ತೂಗಾಡುವ ನಳಿಗೆಯ ಕತೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನ ಬಳಿಗೆ ಎದೆಯ ಕಾಯಿಲೆಯ ತರುಣಿಯೊಬ್ಬಳು ಬಂದಳು. ಆಗೆಲ್ಲ ರೋಗಿಯ ಎದೆಗೆ ಕಿವಿ ಹಚ್ಚಿಯೇ ಬಡಿತ ಕೇಳಬೇಕಾಗಿತ್ತು. ಹರೆಯದ ಹೆಣ್ಣು, ಮೈಯಲ್ಲೂ ತುಂಬಿಕೊಂಡವಳು. ಹಾಗೆ ಕಿವಿ ಇಡುವುದು ಅವನಿಗೆ ಸರಿಕಾಣಲಿಲ್ಲ. ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ನೇರವಾಗಿ ಕಿವಿ ಹಚ್ಚಿದಾಗ ಕೇಳುವುದಕ್ಕಿಂತ ಸ್ಪಷ್ಟವಾಗಿ ಬಡಿತ ಕೇಳಿಸಿತು! ಮುಂದೆ ಅದನ್ನೇ ಕಟ್ಟಿಗೆಯಲ್ಲಿ ಮಾಡಿಸಿದ. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ಸಂಕೋಚವನ್ನು ಹೀಯಾಳಿಸದೆ ಅದಕ್ಕೊಂದು ದಾರಿ ಹುಡುಕಿದ್ದರಿಂದ ವೈದ್ಯಶಾಸ್ತ್ರಕ್ಕೇ ಲಾಭವಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ದೇಶದಲ್ಲಿ ಸಂಕೋಚಕ್ಕೆ ಸಿಕ್ಕ ದಾರಿ ಬೇರೆ. ಗೋಷಾ ಪದ್ಧತಿಯ ಮನೆಗಳಲ್ಲಿ ಪರದೆಯ ಸಂದಿಯಿಂದ ಹೆಂಗಸು ಕೈ ಚಾಚಿದರೆ ವೈದ್ಯ ಈಚೆ ಕುಳಿತು ನಾಡಿ ಹಿಡಿಯುತ್ತಿದ್ದ. ಗೋಷಾ ಇಲ್ಲದ ನಮ್ಮಂಥವರ ಮನೆಗಳಲ್ಲೂ ಕಾಣದ ಪರದೆಯೊಂದು ಇದ್ದೇ ಇತ್ತು. ಹೆರಿಗೆಗೆ ಸೂಲಗಿತ್ತಿ ಬರುತ್ತಿದ್ದಳು. ಸೂಲಗಿತ್ತಿಯರನ್ನು ನಾನು ಹಗುರವಾಗಿ ಕಾಣುವವಳಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ಕೂಸು ಅಡ್ಡವಾದಾಗ, ರಕ್ತ ನಿಲ್ಲದಾದಾಗ ಎಂಥ ಸೂಲಗಿತ್ತಿಯಾದರೂ ಏನು ಮಾಡಿಯಾಳು? ಅಂಥ ಹೊತ್ತಿನಲ್ಲಿ ಡಾಕ್ಟರು ಗಂಡಸೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿಕೊಂಡ ಮನೆಗಳು ಎಷ್ಟಿದ್ದವೋ ಲೆಕ್ಕವಿಲ್ಲ.

ಮದರಾಸು ಪ್ರಾಂತದ ತಿಂಡಿವನಂನಲ್ಲಿ 1890ರ ಸುಮಾರಿಗೆ ಇಂಥದೇ ಒಂದು ರಾತ್ರಿ ಕಳೆಯಿತು. ಅಲ್ಲಿದ್ದ ಮಿಶನರಿ ಡಾಕ್ಟರ ಮಗಳು ಈಡಾ ಸ್ಕಡರ್ ಅಮೆರಿಕದಲ್ಲಿ ಶಾಲೆ ಮುಗಿಸಿ, ತಾಯಿಗೆ ಮೈಸರಿಯಿಲ್ಲವೆಂದು ಬಂದಿದ್ದಳು. ಒಂದೇ ರಾತ್ರಿ ಮೂರು ಮನೆಗಳ ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯಲ್ಲಿ ಕಷ್ಟಪಡುತ್ತಿರುವ ತಮ್ಮ ಹೆಂಡತಿಯನ್ನು ನೋಡಲು ಬಾರೆಂದು ಆಕೆಯನ್ನು ಬೇಡಿಕೊಂಡರು. 'ನನಗೆ ವೈದ್ಯ ಬಾರದು, ತಂದೆಯವರು ಬರುತ್ತಾರೆ' ಎಂದಳು ಹುಡುಗಿ. ಪರಗಂಡಸು ಬೇಡವೆಂದು ಮೂವರೂ ತಿರುಗಿ ಹೋದರು. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ತೀರಿಕೊಂಡಿದ್ದರು. ಈಡಾ ಅಮೆರಿಕಕ್ಕೆ ಮರಳಿ 1899ರಲ್ಲಿ ಡಾಕ್ಟರಾದಳು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ದವಾಖಾನೆ ತೆರೆದಳು. 1902ಕ್ಕೆ ಅದು ನಲವತ್ತು ಹಾಸಿಗೆಯ ಆಸ್ಪತ್ರೆಯಾಯಿತು, 1918ರಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಶಾಲೆ ಶುರುವಾಯಿತು. ಇಂದು ನಮ್ಮ ಕರ್ನಾಟಕದವರೂ ರೈಲು ಹತ್ತಿ ಹೋಗುವ ವೆಲ್ಲೂರಿನ ದೊಡ್ಡ ಆಸ್ಪತ್ರೆಯ ಬುಡದಲ್ಲಿ ಆ ಮೂವರು ಹೆಸರಿಲ್ಲದ ಹೆಂಗಸರಿದ್ದಾರೆ.

ಇದಕ್ಕೂ ಮೊದಲೇ ಒಬ್ಬ ಮಹಾರಾಣಿ ಬಾಯಿ ತೆರೆದಿದ್ದಳು. ಪನ್ನಾ ಸಂಸ್ಥಾನದ ರಾಣಿಗೆ ಔಷಧ ಮಾಡಿದ ಎಲಿಜಬೆತ್ ಬೀಲ್ಬಿ ಎಂಬಾಕೆ ತನ್ನ ದೇಶಕ್ಕೆ ಹೊರಟಾಗ, ಭಾರತದ ಹೆಂಗಸರು ಕಾಯಿಲೆ ಬಿದ್ದಾಗ ಪಡುವ ಯಾತನೆಯನ್ನು ವಿಕ್ಟೋರಿಯಾ ರಾಣಿಗೆ ನೀನೇ ಹೋಗಿ ಹೇಳು ಎಂದು ಚೀಟಿ ಬರೆಸಿ, ಅದನ್ನು ಪದಕವೊಂದರಲ್ಲಿಟ್ಟು ಕಳಿಸಿದಳಂತೆ. 1881ರಲ್ಲಿ ಆ ಮಾತು ರಾಣಿಗೆ ಮುಟ್ಟಿತು. ನಾನು ಮೇಲೆ ಹೇಳಿದ ಡಫರಿನ್ ಫಂಡು 1885ರಲ್ಲಿ ಹುಟ್ಟಿದ್ದು ವಿಕ್ಟೋರಿಯಾ ರಾಣಿಯ ಸೂಚನೆಯಂತೆ. ಮುಂಬಯಿಯಲ್ಲಿ ಪಾರಸಿ ವರ್ತಕ ಕಾಮಾ ಅವರ ದಾನದಿಂದ 1886ರಲ್ಲಿ ಹೆಂಗಸರ ಆಸ್ಪತ್ರೆ ತೆರೆಯಿತು. ಅದನ್ನು ನಡೆಸಿದವಳು ಈಡಿತ್ ಪೀಚಿ. ಎಡಿನ್‌ಬರೋದಲ್ಲಿ ವೈದ್ಯ ಕಲಿಯಲು ಹೋಗಿ ಗಂಡು ವಿದ್ಯಾರ್ಥಿಗಳ ಗಲಭೆಯನ್ನು ಎದುರಿಸಿದ ಏಳು ಮಂದಿ ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬಳು. ನೋಡಿ, ವಿಲಾಯತಿಯಲ್ಲೂ ಹೆಣ್ಣು ಡಾಕ್ಟರಾಗುವುದು ಹೂವಿನ ಹಾಸಿಗೆಯಾಗಿರಲಿಲ್ಲ.

ಇನ್ನು ನಮ್ಮವರೇ ಆದ ಆನಂದೀಬಾಯಿ ಜೋಶಿ. ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಹುಡುಗಿಗೆ ಒಂಬತ್ತಕ್ಕೆ ಮದುವೆ. ಹದಿನಾಲ್ಕಕ್ಕೆ ಗಂಡುಮಗು, ಹತ್ತು ದಿನ ಬದುಕಿ ತೀರಿಕೊಂಡಿತು. ಸರಿಯಾದ ವೈದ್ಯೋಪಚಾರ ಇದ್ದಿದ್ದರೆ ಉಳಿಯುತ್ತಿತ್ತೆಂಬ ಕೊರಗು ಆಕೆಯನ್ನು ಬಿಡಲಿಲ್ಲ. 1883ರಲ್ಲಿ ಗಂಡ ಗೋಪಾಳರಾಯರ ಒತ್ತಾಸೆಯಿಂದ ಒಬ್ಬಳೇ ಹಡಗು ಹತ್ತಿ ಅಮೆರಿಕಕ್ಕೆ ಹೋದಳು. ಹೊರಡುವ ಮೊದಲು ಶ್ರೀರಾಮಪುರದಲ್ಲಿ ನೆರೆದ ಜನರೆದುರು ನಿಂತು, ಹಿಂದೂ ಹೆಂಗಸರಿಗೆ ಹೆಣ್ಣು ಡಾಕ್ಟರು ಏಕೆ ಬೇಕೆಂಬುದನ್ನು ಬಿಡಿಸಿ ಹೇಳಿದಳು. ಹದಿನೆಂಟರ ಹುಡುಗಿ! 1886ರ ಮಾರ್ಚಿಯಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದಳು. ಆಕೆಯ ಪ್ರಬಂಧದ ವಿಷಯ ಹಿಂದೂಗಳಲ್ಲಿ ಹೆರಿಗೆಯ ಪದ್ಧತಿ. ಅಲ್ಲಿ ತೆಗೆಸಿದ ಒಂದು ಪಟ ಇದೆ. ಆನಂದೀಬಾಯಿ ಸೀರೆಯುಟ್ಟು ಕೂತಿದ್ದಾಳೆ, ಪಕ್ಕದಲ್ಲಿ ಜಪಾನಿನ ಒಬ್ಬಳು, ಸಿರಿಯಾದ ಒಬ್ಬಳು, ತಂತಮ್ಮ ಉಡುಪಿನಲ್ಲಿ. ಆ ಪಟವನ್ನು ನನ್ನ ತರಗತಿಯಲ್ಲಿ ತೋರಿಸಿದಾಗ ಹುಡುಗಿಯರು ಮೊದಲು ಕೇಳಿದ್ದು, 'ಅಲ್ಲಿ ಥಂಡಿ ಇರ್ತದಲ್ರೀ ಅಕ್ಕಾರ, ಸೀರಿ ಮ್ಯಾಲ ಹ್ಯಾಂಗ ಇದ್ರು?' ಎಂದು.

ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಆಕೆಯನ್ನು ನೇಮಿಸಿದ್ದರು. ನಮ್ಮೂರಿನಿಂದ ಕೊಲ್ಲಾಪುರ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆಕೆ ಬದುಕಿದ್ದರೆ ಬೆಳಗಾವಿ ಸೀಮೆಯ ಎಷ್ಟೋ ಮುತ್ತಜ್ಜಿಯರು ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರೋ ಏನೋ. ಆದರೆ ಕ್ಷಯ ಹತ್ತಿಸಿಕೊಂಡೇ ಬಂದಿದ್ದಳು. ಒಬ್ಬ ರೋಗಿಯ ನಾಡಿಯನ್ನೂ ಆ ಆಸ್ಪತ್ರೆಯಲ್ಲಿ ಹಿಡಿಯದೆ 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ಕಣ್ಣು ಮುಚ್ಚಿದಳು. ಇಪ್ಪತ್ತೆರಡು ತುಂಬಿರಲಿಲ್ಲ.

ಅದೇ 1886ರಲ್ಲಿ ಕಲಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ನಮ್ಮ ದೇಶದಲ್ಲಿಯೇ ಕಲಿತು ಡಾಕ್ಟರಾದಳು. ರಾತ್ರಿ ಹೊತ್ತು ರೋಗಿಗಳ ಮನೆಗೆ ಹೋಗಿಬರುವ ಗರತಿಯನ್ನು ಊರು ಹೇಗೆ ಸಹಿಸೀತು? 1891ರಲ್ಲಿ ಒಂದು ಪತ್ರಿಕೆ ಆಕೆಯ ನಡತೆಯ ಮೇಲೆಯೇ ಕೆಸರೆರಚಿತು. ಗಂಡ ಹೆಂಡಿರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸಂಪಾದಕನಿಗೆ ಆರು ತಿಂಗಳ ಸಜೆಯಾಯಿತು.

ಮುಂಬಯಿಯ ರಖಮಾಬಾಯಿಯದು ಇನ್ನೂ ಕಠಿಣ ಹಾದಿ. ಹನ್ನೊಂದಕ್ಕೆ ಮದುವೆಯಾಗಿ ತವರಿನಲ್ಲೇ ಬೆಳೆದ ಆಕೆ, ತಿಳಿವಳಿಕೆ ಬಂದ ಮೇಲೆ ಆ ಗಂಡನ ಮನೆಗೆ ಹೋಗಲು ಒಲ್ಲೆನೆಂದಳು. ಗಂಡ ದಾವೆ ಹೂಡಿದ. 1887ರಲ್ಲಿ ಹೈಕೋರ್ಟು, ಒಂದೋ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಜೈಲು ಎಂದಿತು. ಜೈಲಿಗೇ ಹೋಗುತ್ತೇನೆ ಎಂದಳು ಆಕೆ. ಮರುವರ್ಷ ಎರಡು ಸಾವಿರ ರೂಪಾಯಿ ಕೊಟ್ಟು ವ್ಯಾಜ್ಯ ಬಗೆಹರಿಯಿತು. ಆಮೇಲೆ ಲಂಡನ್ನಿಗೆ ಹೋಗಿ ಕಲಿತು, 1894ರಲ್ಲಿ ಡಾಕ್ಟರಾಗಿ, ಸೂರತ್ ಮತ್ತು ರಾಜಕೋಟೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹೆಂಗಸರ ಆಸ್ಪತ್ರೆ ನಡೆಸಿದಳು. 1955ರವರೆಗೆ ಬಾಳಿದಳು. ತನ್ನ ದೇಹದ ಮೇಲಿನ ಹಕ್ಕಿಗಾಗಿ ಕೋರ್ಟು ಹತ್ತಿದವಳೇ ಉಳಿದ ಹೆಂಗಸರ ದೇಹದ ನೋವು ಕೇಳುವವಳಾದಳು. ಇದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ನಾಡಿನ ಮಾತಿಗೆ ಬಂದರೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದವರು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1900ರ ಡಿಸೆಂಬರಿನಲ್ಲಿ ಅದು ತೆರೆಯಿತು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಎಂಬ ಪಾದ್ರಿಯ ಹೆಂಡತಿಯ ನೆನಪಿಗೆ ಎದ್ದ ಆಸ್ಪತ್ರೆಯನ್ನು ಜನ ಇಂದಿಗೂ ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಶುರುವಾದದ್ದು 1924ರಲ್ಲಿ. ಹೆಂಗಸರು ಮಕ್ಕಳಿಗೆಂದೇ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಬಂದದ್ದು 1935ರಲ್ಲಿ. ಇದು ದೊಡ್ಡ ಪಟ್ಟಣಗಳ ಮಾತಾಯಿತು. ನಮ್ಮಂಥ ತಾಲ್ಲೂಕಿನ ಊರುಗಳಿಗೆ ಲೇಡಿ ಡಾಕ್ಟರು ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಆ ನಾಲ್ಕು ದಶಕಗಳಲ್ಲಿ ಏನಾಯಿತೆಂಬುದಕ್ಕೆ ನನ್ನ ಸೋದರತ್ತೆಯೇ ಸಾಕ್ಷಿ. ಊರಿನಲ್ಲಿ ಇದ್ದದ್ದು ಒಬ್ಬರೇ ಡಾಕ್ಟರು, ಒಳ್ಳೆಯವರು, ಗಂಡಸರು. ಅತ್ತೆಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಹೋಗತೊಡಗಿತು. ಯಾರಿಗೂ ಹೇಳಲಿಲ್ಲ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹಳೆಯ ಸೀರೆಯ ತುಂಡುಗಳನ್ನು ಒಗೆದು ಹಿತ್ತಿಲ ಬೇಲಿಯ ಒಳಮಗ್ಗುಲಿಗೆ ಹರವುತ್ತಿದ್ದರು. ನಾನಾಗ ಎಂಟೊಂಬತ್ತು ವರ್ಷದವಳು. ಮೈ ಬಿಳಚಿಕೊಂಡಾಗ ಮಾವನವರು ದವಾಖಾನೆಗೆ ಹೋಗಿ 'ಮನ್ಯಾಗ ಭಾಳ ನಿಶ್ಶಕ್ತಿ ಐತ್ರಿ' ಎಂದು ಹೇಳಿ ಔಷಧ ತಂದರು. ಕಂಪೌಂಡರ್ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದ, ಕೆಂಪು ನೀರಿನ ಬಾಟಲಿ. ದಿನಕ್ಕೆ ಮೂರು ಗುರುತು. ವರ್ಷವಿಡೀ ಬಾಟಲಿ ಬಂತು. ಕೊನೆಗೆ ನಡೆಯಲಾಗದೆ ಮಿರಜಿಗೆ ಒಯ್ದಾಗ, ಗರ್ಭಕೋಶದ ಕ್ಯಾನ್ಸರು ಕೈಮೀರಿದೆ ಎಂದರು. 1979ರ ಶ್ರಾವಣದಲ್ಲಿ ಅತ್ತೆ ಹೋದರು. ಮಾವ ಕೆಟ್ಟವರಲ್ಲ, ಡಾಕ್ಟರು ದಡ್ಡರಲ್ಲ. ರೋಗಿ ಮತ್ತು ವೈದ್ಯರ ನಡುವೆ ಹೇಳಬೇಕಾದ ಒಂದೇ ಒಂದು ಮಾತು ದಾರಿಯಲ್ಲಿ ಕಳೆದುಹೋಗಿತ್ತು. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಆ ಕಳೆದುಹೋದ ಮಾತನ್ನು ಕನ್ನಡದಲ್ಲಿ ಅಚ್ಚಿಗೆ ತಂದ ಪುಣ್ಯ ಡಾ. ಅನುಪಮಾ ನಿರಂಜನರದು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಅವರು ಡಾಕ್ಟರೂ ಹೌದು, ಕಾದಂಬರಿಕಾರ್ತಿಯೂ ಹೌದು. 'ತಾಯಿ ಮಗು', 'ವಧುವಿಗೆ ಕಿವಿಮಾತು', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಇವೆಲ್ಲ ನಮ್ಮ ತಲೆಮಾರಿನ ಹೆಣ್ಣುಮಕ್ಕಳು ಟ್ರಂಕಿನಲ್ಲಿ ಸೀರೆಯ ಅಡಿಯಲ್ಲಿಟ್ಟುಕೊಂಡು ಓದಿದ ಪುಸ್ತಕಗಳು. ತಾಯಿ ಮಗಳಿಗೆ ಹೇಳಲು ನಾಚುತ್ತಿದ್ದ ಸಂಗತಿಗಳನ್ನು ಅವರು ಹೆಸರು ಹಿಡಿದು ಹೇಳಿದರು. ಕ್ಯಾನ್ಸರಿನೊಡನೆ ಸೆಣಸುತ್ತಲೇ ಬರೆದ ಅವರು 1991ರಲ್ಲಿ ತೀರಿಕೊಂಡರು.

ಈಗ ಲೇಡಿ ಡಾಕ್ಟರಿಗೆ ಬರವಿಲ್ಲ. ನಮ್ಮ ಊರಿನ ಒಂದೇ ಬೀದಿಯಲ್ಲಿ ನಾಲ್ಕು ಬೋರ್ಡುಗಳಿವೆ. ಹಾಗಾದರೆ ಸಮಸ್ಯೆ ತೀರಿತೇ? ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. ಮೂವತ್ತಾರು ವರ್ಷ. ತಿಂಗಳಿಗೆ ಹತ್ತು ದಿನ ರಕ್ತ. 'ಗರ್ಭಚೀಲ ತೆಗಸ್ಬೇಕಂತ್ರೀ ಅಕ್ಕಾರ. ನಾಳಿನ ರೊಕ್ಕ ತುಂಬ್ರಿ, ಇಲ್ಲಾಂದ್ರ ಕ್ಯಾನ್ಸರ್ ಆಕ್ಕೇತಿ ಅಂದ್ರು.' ಹೇಳಿದವರು ಒಂದು ನರ್ಸಿಂಗ್ ಹೋಮಿನವರು. ನೋಡಿದವಳು ಹೆಣ್ಣು ಡಾಕ್ಟರೇ. 'ನೀ ಏನು ಕೇಳ್ದಿ?' ಎಂದೆ. 'ನಾ ಏನ್ ಕೇಳ್ಲ್ರೀ, ನಮ್ಮ ಮನೆಯವ್ರು ಹ್ಞೂಂ ಅಂದ್ರು' ಎಂದಳು.

ನಾವಿಬ್ಬರೂ ಸ್ಟಾಫ್‌ರೂಮಿನಲ್ಲಿ ಕುಳಿತು ಒಂದು ಹಾಳೆ ಬರೆದೆವು. ತೊಂದರೆ ಯಾವಾಗಿನಿಂದ, ಎಷ್ಟು ದಿನಕ್ಕೊಮ್ಮೆ, ಎಷ್ಟು ಬಟ್ಟೆ ಬದಲಿಸಬೇಕಾಗುತ್ತದೆ, ಕಳೆದ ಮುಟ್ಟಿನ ತಾರೀಖು, ಹೆರಿಗೆಗಳೆಷ್ಟು, ಆಪರೇಶನ್ ಏನಾಗಿದೆ, ಈಗ ನುಂಗುವ ಗುಳಿಗೆ ಯಾವುದು, ಯಾವ ಔಷಧ ಒಗ್ಗುವುದಿಲ್ಲ, ತವರಿನಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ. ಕೆಳಗೆ ಮೂರು ಪ್ರಶ್ನೆ: ನನಗೆ ಏನಾಗಿದೆ? ತೆಗೆಸದೆ ಬೇರೆ ದಾರಿ ಇದೆಯೇ? ತಡಮಾಡಿದರೆ ಏನಾದೀತು? ಸ್ಕ್ಯಾನಿಂಗ್ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಗುಳಿಗೆಯ ಖಾಲಿ ಪಟ್ಟಿಗಳನ್ನೂ ಕವರಿನಲ್ಲಿ ಹಾಕಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದಳು. ಜೊತೆಗೆ ಯಾರು ಬರಬೇಕೆಂದು ಅವಳೇ ಆರಿಸಿದಳು. ತನ್ನ ಅಕ್ಕನನ್ನು ಕರೆದುಕೊಂಡಳು. ಅಲ್ಲಿ ನೋಡಿದ ಡಾಕ್ಟರು ಗಂಡಸು. ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ, ಹಾಳೆಯನ್ನು ಪೂರ್ತಿ ಓದಿ, ಇದು ಸಣ್ಣ ಗಡ್ಡೆ, ಕ್ಯಾನ್ಸರ್ ಅಲ್ಲ, ಗುಳಿಗೆಯಲ್ಲಿ ಹತೋಟಿಗೆ ಬರಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸು ಎಂದರಂತೆ. ಅವಳ ಗರ್ಭಕೋಶ ಅವಳಲ್ಲೇ ಉಳಿಯಿತು, ಮನೆಯ ಎಮ್ಮೆಯೂ ಉಳಿಯಿತು. ಅದನ್ನು ಮಾರಿಯೇ ರೊಕ್ಕ ತುಂಬುವವರಿದ್ದರು.

ಹಾಗೆಂದು ಗರ್ಭಕೋಶ ತೆಗೆಯಿರಿ ಎಂದವರೆಲ್ಲ ಮೋಸಗಾರರಲ್ಲ, ತೆಗೆಯಲೇಬೇಕಾದ ಕಾಯಿಲೆಗಳಿವೆ. ಆದರೆ ಅನಗತ್ಯವಾಗಿ ತೆಗೆಯುವ ಕೆಟ್ಟ ಚಾಳಿ ದೇಶದಲ್ಲಿ ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯುವ ನಿಯಮಗಳನ್ನು ಜಾರಿಗೆ ತನ್ನಿರೆಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಅದಕ್ಕೂ ಮುಂಚೆ 2008ರಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಒಬ್ಬ ಹೆಣ್ಣುಮಗಳ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಕೇಳಿ ತೆಗೆದುಬಿಟ್ಟಿದ್ದರು. ತಿಳಿವಳಿಕೆಯುಳ್ಳ ವಯಸ್ಕ ಹೆಣ್ಣಿನ ಪರವಾಗಿ, ಜೀವಕ್ಕೆ ಕೂಡಲೇ ಅಪಾಯವಿಲ್ಲದಾಗ, ತಾಯಿಯ ಒಪ್ಪಿಗೆಯೂ ಸಲ್ಲದು ಎಂದಿತು ಕೋರ್ಟು. ಎಚ್ಚರಾಗುವ ತನಕ ಕಾದು ಅವಳನ್ನೇ ಕೇಳಬೇಕಿತ್ತು. ರಖಮಾಬಾಯಿಗೆ ಜೈಲು ತೋರಿಸಿದ ಕೋರ್ಟಿನಿಂದ ಈ ಕೋರ್ಟಿನವರೆಗೆ ನಡೆದು ಬರಲು ನಮಗೆ 121 ವರ್ಷ ಹಿಡಿಯಿತು.

ಆದ್ದರಿಂದ ಗೆಳತಿಯರೇ, ಡಾಕ್ಟರನ್ನು ಆರಿಸುವಾಗ ಬೋರ್ಡಿನ ಮೇಲೆ ಹೆಣ್ಣಿನ ಹೆಸರಿದೆಯೇ ಎಂದು ನೋಡುವುದು ತಪ್ಪಲ್ಲ. ಅದಕ್ಕಾಗಿ ಹಿರಿಯರು ಜೀವ ತೇದಿದ್ದಾರೆ. ಆದರೆ ಅಷ್ಟೇ ಸಾಲದು. ಡಿಗ್ರಿ ಏನು, ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. ನಮ್ಮ ರಾಜ್ಯದಲ್ಲಿ ಖಾಸಗಿ ದವಾಖಾನೆಗಳೂ ನೋಂದಣಿ ಆಗಿರಬೇಕೆಂದು 2007ರ ಕಾಯಿದೆ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಮಾತು ಮುಗಿಸುವ ತನಕ ಅವರು ಕೇಳುತ್ತಾರೆಯೇ, ಕೇಳಿದ ಪ್ರಶ್ನೆಗೆ ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರಿಸುತ್ತಾರೆಯೇ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುತ್ತೇನೆಂದರೆ ಸಿಡುಕುತ್ತಾರೆಯೇ, ಇವನ್ನು ಗಮನಿಸಿ. ಸಿಡುಕಿದರೆ ಕಾಗದಗಳನ್ನು ಎತ್ತಿಕೊಂಡು ನಮಸ್ಕಾರ ಹೇಳಿ ಬನ್ನಿ.

ನಮ್ಮ ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ಈಗ ಪ್ರತಿ ವರ್ಷ ಒಂದು ಪಿರಿಯಡ್ಡಿನಲ್ಲಿ ಪತ್ರಲೇಖನದ ಜೊತೆಗೆ ಇದನ್ನೂ ಬರೆಸುತ್ತೇನೆ. 'ಡಾಕ್ಟರಿಗೆ ಹೇಳಬೇಕಾದ ಮಾತು' ಎಂದು ಮೇಲೆ ಬರೆದು, ಮನೆಗೆ ಹೋಗಿ ತಾಯಿಯನ್ನೋ ಅಜ್ಜಿಯನ್ನೋ ಕೇಳಿ ತುಂಬಿಸಿಕೊಂಡು ಬನ್ನಿ ಎನ್ನುತ್ತೇನೆ. ಅಂಕ ಕೊಡುವುದಿಲ್ಲ, ತೆರೆದೂ ನೋಡುವುದಿಲ್ಲ. ತಾಯಿಯ ಹತ್ತಿರವೇ ಇರಲಿ ಎನ್ನುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಬಂದು, 'ನಮ್ಮ ಆಯಿ ಒಂದು ಹಾಳಿ ಸಾಲಂಗಿಲ್ಲ ಅಂದ್ಲ್ರೀ, ಇನ್ನೊಂದು ಕೊಡ್ರೀ' ಎಂದಳು. ನಾನು ನೋಟುಬುಕ್ಕಿನ ನಡುವಿನಿಂದ ಎರಡು ಹಾಳೆ ಹರಿದುಕೊಟ್ಟೆ.